ಕುರ್ಚಿ ಇಲ್ಲದ ವಾದ್ಯ

ಸಂಪಾಜೆ
೯ ಜುಲೈ ೨೦೨೩

ಚಿರಂಜೀವಿ ಹಂಸಿನಿಗೆ,

ನಿನ್ನ ಅಜ್ಜ ಜನಾರ್ದನನ ಆಶೀರ್ವಾದ. ಇಲ್ಲಿ ಎಲ್ಲರೂ ಸೌಖ್ಯ. ನೀನು ಚೆನ್ನೈಗೆ ತಲುಪಿದ್ದು, ಹಾಸ್ಟೆಲಿನ ಸಾಂಬಾರು ಸಪ್ಪೆ ಅಂತ ಹೇಳಿದ್ದು, ಎಲ್ಲ ನಿನ್ನ ಅಮ್ಮ ಹೇಳಿದಳು. ಊಟ, ಬಟ್ಟೆ, ಜ್ವರ, ಶೀತ ಇದನ್ನೆಲ್ಲ ನೀವು ತಾಯಿ ಮಗಳು ಫೋನಿನಲ್ಲೇ ಮಾತಾಡಿಕೊಳ್ಳಿ. ವಾದ್ಯದ ಸುದ್ದಿ ಮಾತ್ರ ನನಗೆ ಕಾಗದದಲ್ಲಿ ಬರಬೇಕು. ಫೋನಿನಲ್ಲಿ ನೀನು "ಹೂಂ ಅಜ್ಜ, ಸರಿ ಅಜ್ಜ" ಅಂತ ಎರಡು ಮಾತು ಹೇಳಿ ಇಟ್ಟುಬಿಡುತ್ತಿ. ಕಾಗದವಾದರೆ ನಾಲ್ಕು ಸಲ ಓದಬಹುದು.

ನಮ್ಮ ಮನೆಯಲ್ಲಿ ನನ್ನ ಅಪ್ಪ ನಾಗಸ್ವರ ಊದಿದರು. ನಾನು ಸ್ಯಾಕ್ಸೋಫೋನು ಊದಿದೆ. ನಿನ್ನ ಅಪ್ಪ ಎಂತದ್ದೂ ಊದದೆ ಬ್ಯಾಂಕಿಗೆ ಸೇರಿದ. ಈಗ ನೀನು ಪಾಶ್ಚಾತ್ಯ ಸಂಗೀತದ ಶಾಲೆಗೇ ಹೋಗಿ ಕೂತಿದ್ದಿ. ಅಷ್ಟು ಜನ ಒಟ್ಟಿಗೆ ಕೂತು ನುಡಿಸುವ ಆರ್ಕೆಸ್ಟ್ರಾವನ್ನು ನಾನು ಟಿವಿಯಲ್ಲಿ ನೋಡಿದ್ದೇನೆ, ಎದುರು ಕೂತು ಕೇಳಿದವರು ಸಂಪಾಜೆಯಲ್ಲಿ ಒಬ್ಬರೂ ಇಲ್ಲ. ಅದರಲ್ಲಿ ಯಾವ್ಯಾವ ವಾದ್ಯ ಉಂಟು, ಒಂದೊಂದರ ನಾದ ಹೇಗೆ, ನೀನು ಕಲಿತ ಹಾಗೆ ನನಗೂ ಬರೆ. ಬರೀ ಹೆಸರು ಬರೆದರೆ ನನಗೆ ಎಂತ ಗೊತ್ತಾಗುತ್ತದೆ? ನಮ್ಮ ಊರಿನಲ್ಲಿ ಯಾರ ಸ್ವರದ ಹಾಗೆ ಅಂತ ಬರೆ.

ನನ್ನ ಹಳೆಯ ಸ್ಯಾಕ್ಸೋಫೋನನ್ನು ನಿನಗೆ ಕೊಟ್ಟದ್ದಕ್ಕೆ ಸೆಟ್ಟಿನವರು, ಅದೇ ನನ್ನ ಜೊತೆ ಡೋಲು ತಾಳ ಬಾರಿಸುವವರು, ಇನ್ನೂ ಬೈಯುತ್ತಿದ್ದಾರೆ. ಹೊಸದನ್ನು ಕೊಟ್ಟು ಹಳೆಯದನ್ನು ಇಟ್ಟುಕೊಳ್ಳಬಾರದಿತ್ತಾ ಅಂತ. ಹೊಸದು ಹೊಳೆಯುತ್ತದೆ, ಅಷ್ಟೆ. ಹಳೆಯದು ಮಾತಾಡುತ್ತದೆ. ನನ್ನ ಮೊಮ್ಮಗಳು ಅಷ್ಟು ದೂರ ಹೋಗುವಾಗ ಮಾತಾಡುವುದೇ ಹೋಗಬೇಕು. ಬೇರೆಯವರ ಕೈಗೆ ಕೊಡಬೇಡ ಆಯ್ತಾ.

ಅದು ಆರ್ಕೆಸ್ಟ್ರಾದಲ್ಲಿ ಯಾವ ಸಾಲಿನಲ್ಲಿ ಕೂರುತ್ತದೆ ಅಂತ ಬರೆಯಲು ಮರೆಯಬೇಡ. ನನಗೋಸ್ಕರ ಅಲ್ಲ, ಇಲ್ಲಿ ಕೇಳುತ್ತಾರೆ.

ಇತಿ,
ಅಜ್ಜ


ಚೆನ್ನೈ
೨೪ ಜುಲೈ ೨೦೨೩

ಪ್ರೀತಿಯ ಅಜ್ಜನಿಗೆ,

ಹಂಸಿನಿಯ ನಮಸ್ಕಾರ. ಇಲ್ಲಿ ವಾದ್ಯಗಳದ್ದೇ ಒಂದು ಕ್ಲಾಸು ಉಂಟು. ಮೇಡಮ್ಮು ನಮ್ಮನ್ನೆಲ್ಲ ಕಣ್ಣು ಮುಚ್ಚಿ ಕೂರಿಸಿ ಒಂದೊಂದೇ ನಾದ ಕೇಳಿಸುತ್ತಾರೆ. ಯಾವ ವಾದ್ಯ ಅಂತ ನಾವು ಹೇಳಬೇಕು. ತಂತಿ ವಾದ್ಯದಲ್ಲಿ ನಾನು ಭಾರೀ ತಪ್ಪು ಮಾಡಿದೆ, ವಯೋಲಾ ಕೇಳಿಸಿದರೆ ವಯಲಿನ್ ಅಂದೆ. ಊದುವ ವಾದ್ಯ ಬಂದಾಗ ಒಂದೂ ತಪ್ಪಲಿಲ್ಲ. ಯಾರ ಹತ್ತಿರ ಕಲಿತೆ ಅಂತ ಕೇಳಿದರು. ಸಂಪಾಜೆ ಜನಾರ್ದನ ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ಆರ್ಕೆಸ್ಟ್ರಾ ಶುರುವಾಗುವ ಮೊದಲು ಓಬೋ ಅಂತ ಒಂದು ಸಪೂರದ ಕಪ್ಪು ಕೊಳಲು ಒಂದು ಸ್ವರ ಹಿಡಿಯುತ್ತದೆ. ಎಲ್ಲರೂ ಅದಕ್ಕೆ ತಮ್ಮ ವಾದ್ಯವನ್ನು ಹೊಂದಿಸಿಕೊಳ್ಳಬೇಕು. ನಮ್ಮ ಶ್ರುತಿಪೆಟ್ಟಿಗೆಯ ಕೆಲಸವೇ. ಬಾಯಿಗೆ ಇಟ್ಟುಕೊಳ್ಳುವ ಕಡೆ ನಾಗಸ್ವರದ ಹಾಗೇ ಎರಡು ಜೊಂಡಿನ ಸೀಳು ಕಟ್ಟಿದೆ. ಮುತ್ತಜ್ಜ ಇದ್ದಿದ್ದರೆ ಅದನ್ನು ಕಸಿದುಕೊಂಡು ಊದಿಯೇ ನೋಡುತ್ತಿದ್ದರು.

ಬಸೂನ್ ಅಂತ ಇನ್ನೊಂದುಂಟು, ನನ್ನಷ್ಟು ಎತ್ತರ, ಮರದ್ದು. ಅದರ ನಾದ ಹೇಗೆ ಗೊತ್ತುಂಟಾ? ನಮ್ಮ ಸಂಪಾಜೆ ಗೇಟಿನ ಹತ್ತಿರದ ಹೋಟೆಲಿನ ನಾಗರಾಜಣ್ಣ ಹೊಟ್ಟೆತುಂಬ ಉಂಡು, ಕೈ ತೊಳೆದು, ಗಲ್ಲೆಯ ಮೇಲೆ ಕೂತು "ಎಂತ ಮಾರಾಯ, ಅಪರೂಪ" ಅಂತಾರಲ್ಲ, ಸರೀ ಹಾಗೆ. ಮೇಡಮ್ಮು ಅದನ್ನು ಕೇಳಿಸಿದ ಕೂಡಲೆ ನನಗೆ ನಗು ತಡೆಯಲಿಲ್ಲ.

ಜನಪ್ರಿಯ ವಾದ್ಯಗಳ ಪಾಠ ಬೇರೆ. ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟು ತೆಗೆದರೆ ಅಕ್ಕಿ ಕೇರುವಷ್ಟೂ ಶಬ್ದ ಇಲ್ಲ ಅಜ್ಜ.

ಯಾರಿಗೆ ಯಾವ ಕುರ್ಚಿ ಅನ್ನುವುದನ್ನು ಇನ್ನೂ ಸರಿಯಾಗಿ ವಿಚಾರಿಸಿಲ್ಲ. ವಿಚಾರಿಸಿ ಬರೆಯುತ್ತೇನೆ.

ನಿಮ್ಮ,
ಹಂಸಿನಿ


ಸಂಪಾಜೆ
೬ ಆಗಸ್ಟ್ ೨೦೨೩

ಚಿರಂಜೀವಿ ಹಂಸಿನಿಗೆ,

ಆಶೀರ್ವಾದ. ನಿನ್ನ ಕಾಗದ ಬಂತು, ಭಾರೀ ಚಂದ ಬರೆದಿದ್ದಿ. ಒಂದು ಸಂಗತಿ ಮೊದಲೇ ಹೇಳಬೇಕಿತ್ತು, ಹೇಳಿದರೆ ನೀನು ಬಿಗಿ ಹಿಡಿದು ಬರೆಯುತ್ತಿ ಅಂತ ಹೇಳಲಿಲ್ಲ. ನಿನ್ನ ಕಾಗದವನ್ನು ನಾನು ನಾಗರಾಜನ ಹೋಟೆಲಿನಲ್ಲಿ ಕೂತು ದೊಡ್ಡದಾಗಿ ಓದುತ್ತೇನೆ. ಚೆನ್ನೈಯಿಂದ ನನ್ನ ಮೊಮ್ಮಗಳ ಕಾಗದ ಬಂದರೆ ನಾನು ಒಬ್ಬನೇ ಮನೆಯಲ್ಲಿ ಓದಿಕೊಂಡು ಮಡಚಿಡಲಿಕ್ಕೆ ನನಗೆ ಎಂತ ಆಗಿದೆ?

ಬಸೂನಿನ ಸಾಲು ಓದುವಾಗ ನಾಗರಾಜ ಗೋಳಿಬಜೆ ಕಾಯಿಸುತ್ತಿದ್ದ. ಜಾಲರಿ ಸೌಟು ಹಿಡಿದುಕೊಂಡೇ ಬಂದ. ನಾನು ಹೆದರಿದೆ. ಅವ ಕೇಳಿದ್ದು ಒಂದೇ, "ಆ ಬಸೂನಿಗೆ ಅಲ್ಲಿ ಒಳ್ಳೆಯ ಜಾಗ ಉಂಟಾ?" ಈಗ ಇಡೀ ಸಂಪಾಜೆ ಅವನನ್ನು ಬಸೂನು ಅಂತಲೇ ಕರೆಯುವುದು. ಅವನೂ ಓಗೊಡುತ್ತಾನೆ.

ನಿವೃತ್ತಿಯಾದ ಕಾವೇರಮ್ಮ ಟೀಚರಿಗೆ ಬೇಜಾರಾಗಿದೆ. ಅವಳಿಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದ್ದು ನಾನು, ವಾದ್ಯ ಸಿಕ್ಕಿದ್ದು ಹೋಟೆಲಿನವನಿಗೆ ಅಂತ. ಅವರಿಗೂ ಒಂದು ನೋಡು. ತಮಟೆ ಗಿಮಟೆ ಕೊಟ್ಟುಬಿಡಬೇಡ, ನಾನು ದಿನಾ ಅವರ ಮುಖ ನೋಡಬೇಕು.

ಮತ್ತೆ ನನ್ನದೆಲ್ಲಿ? ನಾಗರಾಜನಿಗೆ ಸಿಕ್ಕಿತು, ಟೀಚರಿಗೂ ಸಿಗುತ್ತದೆ. ಸ್ಯಾಕ್ಸೋಫೋನಿನ ಸಾಲು ಯಾವುದು ಅಂತ ಕೇಳಿದರು. ಮುಂದೆಯೇ ಇರುತ್ತದೆ, ಅಂಥ ಗಂಟಲು ಇರುವುದನ್ನು ಹಿಂದೆ ಕೂರಿಸುತ್ತಾರಾ ಅಂತ ಹೇಳಿಬಿಟ್ಟಿದ್ದೇನೆ.

ಅಜ್ಜ


ಚೆನ್ನೈ
೨೭ ಆಗಸ್ಟ್ ೨೦೨೩

ಪ್ರೀತಿಯ ಅಜ್ಜನಿಗೆ,

ನಮಸ್ಕಾರ. ನೀವು ಹೀಗೆ ಮಾಡುತ್ತೀರಿ ಅಂತ ಗೊತ್ತಿದ್ದರೆ ನಾಗರಾಜಣ್ಣನ ವಿಷಯ ಬರೆಯುತ್ತಲೇ ಇರಲಿಲ್ಲ. ಹೋಟೆಲಿನಲ್ಲಿ ಕೂತಿರುವ ಎಲ್ಲರಿಗೂ ನನ್ನ ನಮಸ್ಕಾರ.

ನಾಗರಾಜಣ್ಣ, ಬಸೂನಿಗೆ ನಟ್ಟನಡುವೆ ಜಾಗ. ಮುಂದೆ ತಂತಿ ವಾದ್ಯದವರು, ಅವರ ಬೆನ್ನಿಗೆ ಮರದ ಊದು ವಾದ್ಯಗಳು, ಅದರಲ್ಲಿ ಎರಡನೇ ಸಾಲು. ನಿಮ್ಮ ಹಿಂದೆ ಹಿತ್ತಾಳೆಯವರು, ಅವರಿಗೂ ಹಿಂದೆ ದೊಡ್ಡ ಭೇರಿಗಳು. ಹಿತ್ತಾಳೆಯದರಲ್ಲಿ ಹಾರ್ನ್ ಅಂತ ಒಂದು, ಕೊಡವರ ಕೊಂಬನ್ನು ಸುರುಳಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡ ಹಾಗೆ.

ಕಾವೇರಮ್ಮ ಟೀಚರ್, ನೀವು ಓಬೋ. ನಿಮ್ಮ ಸ್ವರ ಬಂದ ಮೇಲೆಯೇ ಎಲ್ಲರೂ ಸರಿಯಾಗುವುದು. ನಾಲ್ಕನೇ ಕ್ಲಾಸಿನಲ್ಲಿಯೂ ಹಾಗೇ ಇತ್ತು.

ಅಜ್ಜ, ಇಲ್ಲಿ ನಾದವನ್ನು ಕಂಪ್ಯೂಟರಿನಲ್ಲಿ ಗೆರೆ ಮಾಡಿ ತೋರಿಸುತ್ತಾರೆ. ಒಂದೇ ಷಡ್ಜವನ್ನು ಕೊಳಲೂ ಊದುತ್ತದೆ, ಓಬೋವೂ ಊದುತ್ತದೆ. ಸ್ವರ ಒಂದೇ, ಆದರೆ ಅದರ ಒಳಗೆ ಸಣ್ಣ ಸಣ್ಣ ಸ್ವರಗಳು ಹೆಚ್ಚು ಕಡಿಮೆ ಸೇರಿಕೊಂಡಿರುತ್ತವೆ. ಕೊಳಲಿಗೆ ಕಡಿಮೆ, ಓಬೋಗೆ ತುಂಬ. ನಾವು ಕಣ್ಣು ಮುಚ್ಚಿಯೂ ಗುರುತು ಹಿಡಿಯುವುದು ಅದರಿಂದ.

ಸ್ಯಾಕ್ಸೋಫೋನಿನ ಬಗ್ಗೆ ದೊಡ್ಡ ಪಾಠವೇ ಉಂಟು, ಅದು ಮುಂದಿನ ತಿಂಗಳು. ಆಗ ಬರೆಯುತ್ತೇನೆ.

ಹಂಸಿನಿ


ಸಂಪಾಜೆ
೧೭ ಸೆಪ್ಟೆಂಬರ್ ೨೦೨೩

ಚಿರಂಜೀವಿ ಹಂಸಿನಿಗೆ,

ಆಶೀರ್ವಾದ. ಟೀಚರು ಖುಷಿಯಲ್ಲಿ ಆ ದಿನ ಎಲ್ಲರಿಗೂ ಚಹಾ ಕೊಡಿಸಿದರು. ಅವರು ಕೊಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನನ್ನ ಸುದ್ದಿ ಕೇಳು. ವಿರಾಜಪೇಟೆಯಲ್ಲಿ ಸಂಗೀತ ಸಭೆ ಒಂದುಂಟಲ್ಲ, ಜನವರಿಯಲ್ಲಿ ಅವರ ವಾರ್ಷಿಕೋತ್ಸವ. ಅದರ ಕಾರ್ಯದರ್ಶಿ ಕಾರು ಮಾಡಿಕೊಂಡು ನಮ್ಮ ಮನೆಗೇ ಬಂದಿದ್ದರು. ಸಂಪಾಜೆ ಜನಾರ್ದನರ ಸ್ಯಾಕ್ಸೋಫೋನು ಇಡಬೇಕು ಅಂತ. ಕಚೇರಿ ಮಾರಾಯ್ತಿ. ದೇವಸ್ಥಾನದ ಮೂಲೆಯಲ್ಲಿ ಅಲ್ಲ, ಮದುವೆ ಚಪ್ಪರದಲ್ಲಿ ಅಲ್ಲ, ಸಭಾಂಗಣದಲ್ಲಿ, ಜನ ಟಿಕೆಟು ಮಾಡಿ ಕೂತು ಕೇಳುವಲ್ಲಿ.

ನಾನು ಊದುವಾಗ ಜನ ಒಂದೋ ಊಟ ಮಾಡುತ್ತಾರೆ, ಇಲ್ಲದಿದ್ದರೆ ಮದುಮಗಳ ಸೀರೆ ನೋಡುತ್ತಾರೆ. ಅದಕ್ಕೆ ನನಗೆ ಬೇಜಾರಿಲ್ಲ, ನಮ್ಮ ಕಸುಬು ಹಾಗೆ. ಆದರೆ ಒಮ್ಮೆ, ಒಂದೇ ಒಮ್ಮೆ, ಬೇರೆ ಕೆಲಸ ಇಲ್ಲದೆ ನನ್ನನ್ನೇ ಕೇಳಲಿ ಅಂತ ಆಸೆ ಇತ್ತು. ಈ ವಯಸ್ಸಿನಲ್ಲಿ ಆಯಿತಲ್ಲ.

ಅವತ್ತು ನಾನು ಭೈರವಿ ಊದಬೇಕು. ಅದು ಹೊಸ ವಾದ್ಯದಲ್ಲಿ ಬರುವುದಿಲ್ಲ. ಹಳೆಯದನ್ನು ಜನವರಿಗೆ ಮೊದಲು ನನಗೆ ತಲುಪಿಸು. ಕಚೇರಿ ಮುಗಿದ ಮೇಲೆ ಮತ್ತೆ ನಿನ್ನದೇ.

ದೇವಸ್ಥಾನದ ಅನಂತಕೃಷ್ಣ ಭಟ್ಟರು, ನಾಗರಾಜ, ಟೀಚರು ಎಲ್ಲ ಜೀಪು ಮಾಡಿಕೊಂಡು ಬರುತ್ತಾರಂತೆ.

ಅಜ್ಜ


ಚೆನ್ನೈ
೫ ನವೆಂಬರ್ ೨೦೨೩

ಅಜ್ಜನಿಗೆ,

ನಮಸ್ಕಾರ. ಬರೆಯಲು ತಡವಾಯಿತು, ಪರೀಕ್ಷೆ ಇತ್ತು. ಕಚೇರಿ ಸುದ್ದಿ ಕೇಳಿ ತುಂಬ ಸಂತೋಷ.

ನೀವು ಹೊಸ ವಾದ್ಯದಲ್ಲೇ ಅಭ್ಯಾಸ ಮಾಡಿದರೆ ಹೇಗೆ? ಅಷ್ಟು ದೂರದಿಂದ ಹಳೆಯದನ್ನು ಕಳಿಸಿದರೆ ದಾರಿಯಲ್ಲಿ ಏನಾದರೂ ಆದೀತು. ಹೊಸದರ ನಾದವೂ ಸಭಾಂಗಣದಲ್ಲಿ ಚೆನ್ನಾಗಿ ಕೇಳುತ್ತದೆ. ಈಗ ಎಲ್ಲರೂ ಅಂಥದ್ದನ್ನೇ ಬಳಸುವುದು.

ಇನ್ನೇನು ವಿಶೇಷ ಇಲ್ಲ.

ಹಂಸಿನಿ


ಸಂಪಾಜೆ
೧೯ ನವೆಂಬರ್ ೨೦೨೩

ಹಂಸಿನಿಗೆ,

ಕಾಗದ ತಲುಪಿತು. ಹೋಟೆಲಿನಲ್ಲಿ ಓದಲಿಲ್ಲ, ಓದಲಿಕ್ಕೆ ಅದರಲ್ಲಿ ಎಂತದ್ದೂ ಇರಲಿಲ್ಲ. ಈಗ ಎಲ್ಲರೂ ಎಂತ ಬಳಸುತ್ತಾರೆ ಅಂತ ನನಗೆ ಹೇಳಿಕೊಡಬೇಡ. ನೀನು ತೊಟ್ಟಿಲಲ್ಲಿ ಇರುವಾಗಲೇ ನಾನು ಊದುತ್ತಿದ್ದೆ, ನೀನು ಅದನ್ನು ಕೇಳಿಯೇ ನಿದ್ದೆ ಮಾಡುತ್ತಿದ್ದದ್ದು.

ಶಾಲೆ ದೊಡ್ಡದು, ಊರು ದೊಡ್ಡದು. ಅಜ್ಜನ ವಾದ್ಯ ಕೊಡಲಿಕ್ಕೆ ಮನಸ್ಸಿಲ್ಲದಿದ್ದರೆ ಹಾಗಂತಲೇ ಬರೆ. ದಾರಿ ಗೀರಿ ಅಂತ ನೆಪ ಬೇಡ.

ಜನಾರ್ದನ


ಚೆನ್ನೈ
೨೮ ನವೆಂಬರ್ ೨೦೨೩

ಅಜ್ಜ,

ಇದನ್ನು ದಯವಿಟ್ಟು ಹೋಟೆಲಿನಲ್ಲಿ ಓದಬೇಡಿ.

ಎರಡು ವಿಷಯ ನಾನು ಮುಚ್ಚಿಟ್ಟಿದ್ದೇನೆ. ಮೊದಲನೆಯದು, ಆರ್ಕೆಸ್ಟ್ರಾದಲ್ಲಿ ಸ್ಯಾಕ್ಸೋಫೋನಿಗೆ ಕುರ್ಚಿ ಇಲ್ಲ. ಮುಂದೆ ಇಲ್ಲ, ಹಿಂದೆಯೂ ಇಲ್ಲ. ಅದು ಹುಟ್ಟುವ ಹೊತ್ತಿಗೆ ಕುರ್ಚಿಗಳೆಲ್ಲ ಹಂಚಿ ಆಗಿತ್ತಂತೆ. ಯಾವಾಗಲಾದರೊಮ್ಮೆ ಯಾರೋ ಒಬ್ಬರು ನೆಂಟರನ್ನು ಕರೆದ ಹಾಗೆ ಕರೆಯುತ್ತಾರೆ, ನುಡಿಸಿ ಎದ್ದು ಹೋಗಬೇಕು. ನಮ್ಮ ಪಾಠದಲ್ಲಿ ಅದು ಜನಪ್ರಿಯ ವಾದ್ಯಗಳ ಕಡೆ ಉಂಟು, ಎಲೆಕ್ಟ್ರಿಕ್ ಗಿಟಾರಿನ ಜೊತೆ. ಇದು ನನಗೆ ಬಂದ ಮೊದಲ ವಾರವೇ ಗೊತ್ತಾಗಿತ್ತು. ನನ್ನ ಕೈಗೆ ಶಾಲೆಯ ಕ್ಲಾರಿನೆಟ್ ಕೊಟ್ಟು ಕಡೆಯ ಕುರ್ಚಿಯಲ್ಲಿ ಕೂರಿಸಿದ್ದಾರೆ. ನಾಗರಾಜಣ್ಣನಿಗೂ ಟೀಚರಿಗೂ ಜಾಗ ಕೊಟ್ಟು ನಿಮಗೆ ಇಲ್ಲ ಅಂತ ಹೇಗೆ ಬರೆಯಲಿ? ಅದೂ ಅಷ್ಟು ಜನರ ಎದುರು ಓದುವಾಗ.

ಎರಡನೆಯದು ಇನ್ನೂ ಕೆಟ್ಟದ್ದು. ಸೆಪ್ಟೆಂಬರಿನಲ್ಲಿ ಕೆಳಗಿನ ಒಂದು ಕೀಲಿ ಬೆರಳಲ್ಲಿ ಒತ್ತಿದರೆ ಮೇಲೇಳದೆ ಅಂಟಿಕೊಳ್ಳುತ್ತಿತ್ತು. ಇಲ್ಲಿ ವಾದ್ಯ ರಿಪೇರಿ ಮಾಡುವವರು ಒಬ್ಬರು ಇದ್ದಾರೆ, ನಾವೆಲ್ಲ ಮಾಮ ಅನ್ನುವುದು. ಅವರ ಕೈಗೆ ಕೊಟ್ಟೆ. ಅದೊಂದು ಕೀಲಿ ಸರಿ ಮಾಡಿ ಅಂತ ಮಾತ್ರ ಹೇಳಿದ್ದೆ. ದೂರದ ಊರಿನ ಹುಡುಗಿ, ಪಾಪ ಅಂತ ಅವರು ಪುಕ್ಕಟೆಯಾಗಿ ಪೂರ್ತಿ ರಿಪೇರಿ ಮಾಡಿಬಿಟ್ಟಿದ್ದಾರೆ. ಕೀಲಿಗಳ ಅಡಿಗೆ ನೀವು ಇಟ್ಟಿದ್ದ ರಬ್ಬರು ತೆಗೆದರು. ಕಟ್ಟಿದ್ದ ದಾರ ಬಿಚ್ಚಿದರು. ಮೇಣ ಕೆರೆದರು. ಸ್ಪ್ರಿಂಗು ಹೊಸದು, ಪ್ಯಾಡು ಹೊಸದು. ಡೊಂಕಾಗಿದ್ದ ಕೀಲಿಯನ್ನು ತಟ್ಟಿ ನೇರ ಮಾಡಿದರು. "ಯಾರೋ ಗೊತ್ತಿಲ್ಲದವರು ಹಾಳು ಮಾಡಿಟ್ಟಿದ್ದರಮ್ಮ" ಅಂದರು. ನಾನು ಅಲ್ಲಿ ನಿಂತು ಅವರಿಗೆ ಥ್ಯಾಂಕ್ಸ್ ಹೇಳಿದೆ ಅಜ್ಜ.

ರೂಮಿಗೆ ಬಂದು ಭೈರವಿ ಊದಿದೆ. ಸ್ವರ ಎಲ್ಲ ಬಂತು, ಭೈರವಿ ಬರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೇ ಇಲ್ಲ, ಬಾಗಿಲು ಹಾಕಿ ಬಾಗಿಲು ತೆಗೆದ ಹಾಗೆ ಆಗುತ್ತದೆ.

ಬೇರೆಯವರ ಕೈಗೆ ಕೊಡಬೇಡ ಅಂತ ನೀವು ಹೇಳಿದ್ದಿರಿ.

ಹಂಸಿನಿ


ಸಂಪಾಜೆ
೮ ಡಿಸೆಂಬರ್ ೨೦೨೩

ಚಿರಂಜೀವಿ ಹಂಸಿನಿಗೆ,

ಆಶೀರ್ವಾದ. ನಿನ್ನ ಕಾಗದವನ್ನು ಹೋಟೆಲಿನಲ್ಲೇ ಓದಿದ್ದಾಯಿತು. ಬೈಯಬೇಡ, ಕೇಳು. ಪೋಸ್ಟಿನವ ಅಲ್ಲಿಗೇ ತಂದುಕೊಟ್ಟ. ನನ್ನ ಕನ್ನಡಕ ಮನೆಯಲ್ಲಿತ್ತು. ಎಂತ ಬರೆದಿದ್ದಿಯೋ ಅಂತ ತಡೆಯಲಾರದೆ ಟೀಚರ ಕೈಗೆ ಕೊಟ್ಟೆ. ಅವರು "ಇದನ್ನು ದಯವಿಟ್ಟು ಹೋಟೆಲಿನಲ್ಲಿ ಓದಬೇಡಿ" ಅನ್ನುವುದನ್ನೂ ಸ್ಪಷ್ಟವಾಗಿ, ದೊಡ್ಡದಾಗಿ ಓದಿದರು. ಆಮೇಲೆ ಯಾರು ಎದ್ದು ಹೋಗುತ್ತಾರೆ? ನಿಲ್ಲಿಸಿ ಅಂತ ನಾನೂ ಹೇಳಲಿಲ್ಲ, ನನಗೂ ಕೇಳಬೇಕಿತ್ತು.

ಮುಗಿಯುವಷ್ಟರಲ್ಲಿ ಬಾಣಲೆಯಲ್ಲಿ ಗೋಳಿಬಜೆ ಕರಿದು ಕಪ್ಪಾಗಿತ್ತು. ನಾಗರಾಜನೇ ಮೊದಲು ಬಾಯಿಬಿಟ್ಟ. "ಜನಾರ್ದನಣ್ಣ, ಆ ಶಾಲೆಯವರಿಗೆ ನನ್ನ ಕುರ್ಚಿ ಹಂಸಿನಿಗೆ ಕೊಡಲಿಕ್ಕೆ ಬರೆಯಿರಿ. ಬಸೂನು ನಿಂತುಕೊಳ್ಳುತ್ತದೆ" ಅಂದ. ಅವ ತಮಾಷೆಗೆ ಹೇಳಿದ್ದಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಈಗ ನನ್ನ ಮಾತು ಕೇಳು. ಕುರ್ಚಿ ಇಲ್ಲ ಅಂತ ನೀನು ಅಷ್ಟು ದಿನ ಒಬ್ಬಳೇ ನುಂಗಿಕೊಂಡು ಕೂತಿದ್ದೆಯಲ್ಲ, ನಮಗೆ ಕುರ್ಚಿ ಯಾವಾಗ ಇತ್ತು? ನಾನು ಮೊದಲು ಈ ವಾದ್ಯ ತಂದಾಗ ದೇವಸ್ಥಾನದವರು ವಿಲಾಯತಿ ಕೊಳವೆ ದೇವರ ಎದುರು ಬೇಡ ಅಂದರು. ನನ್ನ ಅಪ್ಪನೇ ನನ್ನ ಹತ್ತಿರ ಮಾತು ಬಿಟ್ಟಿದ್ದರು. ನಾನು ಜಗಳ ಮಾಡಲಿಲ್ಲ. ಮಹಾಪೂಜೆಯ ಹೊತ್ತಿಗೆ ಅಂಗಳದ ಗೋಡೆಯ ಹೊರಗೆ, ಹಲಸಿನ ಮರದ ಬುಡದಲ್ಲಿ ನಿಂತು ಊದಿದೆ. ದಿನಾ ಊದಿದೆ. ಒಳಗೆ ಅಪ್ಪನ ನಾಗಸ್ವರ, ಹೊರಗೆ ನಾನು. ಒಂದು ದಿನ ಅನಂತಕೃಷ್ಣ ಭಟ್ಟರ ಅಪ್ಪ ಹೊರಗೆ ಬಂದು, "ಹೊರಗಿಂದ ಊದಿದರೆ ಮಂತ್ರ ತಪ್ಪುತ್ತದೆ ಮಾರಾಯ, ಒಳಗೇ ಬಾ" ಅಂದರು. ಹೋದೆ. ಒಳಗೂ ನಿಂತೇ ಊದಿದೆ. ಇವತ್ತಿನವರೆಗೂ ನಿಂತೇ ಊದುತ್ತಿದ್ದೇನೆ. ನೀನು ಅಂಥವನ ಮೊಮ್ಮಗಳು. ತಲೆ ತಗ್ಗಿಸಬೇಡ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ವಿರಾಜಪೇಟೆಯವರು ನನ್ನನ್ನು ಕರೆದದ್ದು ಕಚೇರಿಗೆ ಅಲ್ಲ. ಕಚೇರಿ ಮೈಸೂರಿನ ಗಾಯಕಿ ಒಬ್ಬರದ್ದು. ಅವರು ವೇದಿಕೆಗೆ ಬರುವ ಮೊದಲು, ಜನ ಬಂದು ಕೂರುವವರೆಗೆ ಅರ್ಧ ಗಂಟೆ ಮಂಗಳವಾದ್ಯ. ಕಾರ್ಯದರ್ಶಿ ನೇರವಾಗಿಯೇ ಹೇಳಿದ್ದರು. ಹೋಟೆಲಿನಲ್ಲಿ ನಾನು ಹೇಳುವಾಗ ಅದು ಕಚೇರಿ ಆಯಿತು, ನಿನಗೆ ಬರೆಯುವಾಗ ಇನ್ನೂ ದೊಡ್ಡದಾಯಿತು. ಟೀಚರು ನಿನ್ನ ಕಾಗದ ಓದಿದ ಮೇಲೆ ನಾನು ಎದ್ದು ಎಲ್ಲರಿಗೂ ಇದನ್ನು ಹೇಳಿದೆ. ಮೊಮ್ಮಗಳು ನಿಜ ಬರೆದಿರುವಾಗ ಅಜ್ಜ ಸುಳ್ಳಿನ ಮೇಲೆ ಕೂತು ಚಹಾ ಕುಡಿಯುವುದು ಚಂದ ಅಲ್ಲ. ಜೀಪು ಮಾತ್ರ ಬಿಡುವುದಿಲ್ಲವಂತೆ, ಅರ್ಧ ಗಂಟೆಗೂ ಬರುತ್ತಾರಂತೆ.

ಇನ್ನು ವಾದ್ಯ. ಅದನ್ನು ಯಾರೂ ಕೊಂದಿಲ್ಲ, ಅಂಗಡಿಯಿಂದ ಬಂದ ದಿನದ ಹಾಗೆ ಮಾಡಿದ್ದಾರೆ, ಅಷ್ಟೆ. ನನಗೂ ಹಾಗೇ ಸಿಕ್ಕಿದ್ದು. ಸೈಕಲಿನ ಹಳೆಯ ಟ್ಯೂಬು ತಂದು ಸಣ್ಣ ಸಣ್ಣ ತುಂಡು ಮಾಡು. ಕೀಲಿ ಪೂರ್ತಿ ಏಳದ ಹಾಗೆ ಅಡಿಗೆ ಅಂಟಿಸು. ಎಷ್ಟು ಅಂತ ಅಳತೆ ಇಲ್ಲ, ಊದಿ ನೋಡು, ಬೆರಳು ಎತ್ತುವಾಗ ಸ್ವರ ಹಾರಬಾರದು, ಜಾರಬೇಕು. ಸ್ಪ್ರಿಂಗು ಸಡಿಲ ಮಾಡಿಸು. ಬಲಗೈಯ ಬದಿಯ ಎರಡು ಕೀಲಿ ನಮಗೆ ಬೇಡ, ದಾರ ಕಟ್ಟಿ ಮುಚ್ಚು, ಮೇಲೆ ಮೇಣ ಹಚ್ಚು. ರಿಪೇರಿ ಮಾಡಿದವರನ್ನೇ ಕೂರಿಸಿಕೋ. ಬಿಚ್ಚಲು ಬಂದವರಿಗೆ ಕಟ್ಟಲೂ ಬರುತ್ತದೆ.

ಡೊಂಕು ಕೀಲಿ ಮಾತ್ರ ನನ್ನಿಂದ ಹೇಳಿಕೊಡಲಿಕ್ಕೆ ಆಗುವುದಿಲ್ಲ. ಅದು ನಾನು ಮಾಡಿದ್ದಲ್ಲ. ಕೊಯನಾಡಿನ ತಿರುವಿನಲ್ಲಿ ಜೀಪಿನಿಂದ ಪೆಟ್ಟಿಗೆ ಬಿದ್ದು ಆದದ್ದು. ಆವತ್ತಿಂದ ಮಂದ್ರದ ನಿಷಾದ ಸ್ವಲ್ಪ ಅಳುವ ಹಾಗೆ ಬರುತ್ತಿತ್ತು, ಜನ ಅದನ್ನೇ ಜನಾರ್ದನನ ಭೈರವಿ ಅಂದರು. ಅದಕ್ಕೆ ಎಂತ ಮಾಡುವುದು ಅಂತ ನೀನೇ ನೋಡು. ನಿನ್ನ ಕಿವಿಯ ಮೇಲೆ ನನಗೆ ಭರವಸೆ ಉಂಟು.

ಅಜ್ಜ


ಚೆನ್ನೈ
೧೪ ಜನವರಿ ೨೦೨೪

ಪ್ರೀತಿಯ ಅಜ್ಜನಿಗೆ,

ನಮಸ್ಕಾರ. ನಾಗರಾಜಣ್ಣನಿಗೆ ವಿಶೇಷ ನಮಸ್ಕಾರ, ಅವರ ಕುರ್ಚಿ ಅವರಿಗೇ ಇರಲಿ.

ನಿಮ್ಮ ಕಾಗದ ಹಿಡಿದುಕೊಂಡು ಮಾಮನ ಅಂಗಡಿಗೆ ಹೋದೆ. ಮೊದಲು ಫೋನಿನಲ್ಲಿ ಚಿಕ್ಕಮ್ಮನ ಮದುವೆಯ ವೀಡಿಯೋ ಹಾಕಿದೆ, ನೀವು ಧಾರೆಯ ಹೊತ್ತಿಗೆ ಊದಿದ್ದು. ಹಿಂದಿನಿಂದ ಯಾರೋ "ಅನ್ನ, ಅನ್ನ" ಅಂತ ಕೂಗುವುದೂ ಕೇಳುತ್ತದೆ. ಮಾಮ ತಲೆ ತಗ್ಗಿಸಿ ಕೇಳಿದರು. ಮತ್ತೊಮ್ಮೆ ಹಾಕು ಅಂದರು. ಆಮೇಲೆ, "ಇಷ್ಟು ವರ್ಷದಲ್ಲಿ ನಾನು ಯಾವ ವಾದ್ಯವನ್ನೂ ಹಾಳು ಮಾಡಿ ಕಳಿಸಿದವನಲ್ಲ. ಇದನ್ನೂ ಹಾಗೆ ಕಳಿಸುವುದಿಲ್ಲ" ಅಂತ ಅಂಗಡಿಯ ಅರ್ಧ ಬಾಗಿಲು ಹಾಕಿದರು.

ಕ್ಲಾಸು ಮುಗಿದ ಮೇಲೆ ದಿನಾ ಕೂತೆವು. ಅವರು ರಬ್ಬರು ಕತ್ತರಿಸುವುದು, ನಾನು ಊದುವುದು, ಬೇಡ ಅನ್ನುವುದು, ಅವರು ಇನ್ನೊಂದು ಕತ್ತರಿಸುವುದು. ಒಂದು ದಿನ ಜಗಳವೂ ಆಯಿತು. ವೀಡಿಯೋದ ನಾದವನ್ನೂ ನಮ್ಮದನ್ನೂ ಶಾಲೆಯ ಕಂಪ್ಯೂಟರಿನಲ್ಲಿ ಗೆರೆ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ನಿಮ್ಮ ಸ್ವರಗಳು ಮೆಟ್ಟಿಲ ಹಾಗೆ ಇಲ್ಲ ಅಜ್ಜ, ನಮ್ಮ ಘಾಟಿಯ ರಸ್ತೆಯ ಹಾಗೆ ಬಳಸಿಕೊಂಡು ಹತ್ತುತ್ತವೆ.

ಎಲ್ಲ ಬಂತು, ನಿಷಾದ ಮಾತ್ರ ಬರಲಿಲ್ಲ. ಮಾಮ ಕೀಲಿಯನ್ನು ಮತ್ತೆ ಬಗ್ಗಿಸಿ ನೋಡೋಣ ಅಂದರು. ನಾನು ಬೇಡ ಅಂದೆ. ಜೀಪಿನಿಂದ ಬಿದ್ದದ್ದನ್ನು ಇಕ್ಕಳ ಹಿಡಿದು ನಕಲು ಮಾಡಿದರೆ ಅದು ಸುಳ್ಳು ಅಳುವಾಗುತ್ತದೆ. ಕೀಲಿಯ ಅಂಚಿಗೆ ಕಾರ್ಕಿನ ಒಂದು ಚೂರು ಇಟ್ಟೆ. ಈಗ ಅಲ್ಲಿ ಬೇರೆಯೇ ಒಂದು ನಾದ ಬರುತ್ತದೆ. ಅಳುವುದಿಲ್ಲ, ಕೊನೆಗೆ ಸ್ವಲ್ಪ ತಲೆ ಎತ್ತುತ್ತದೆ. ಅದು ನಿಮ್ಮ ನಿಷಾದ ಅಲ್ಲ, ನನ್ನದು. ಬೇಡವಾದರೆ ಉಗುರಿನಲ್ಲಿ ಎಬ್ಬಿಸಿದರೆ ಕಾರ್ಕು ಬರುತ್ತದೆ, ವಾದ್ಯಕ್ಕೆ ಎಂತದ್ದೂ ಆಗುವುದಿಲ್ಲ.

ವಿರಾಜಪೇಟೆಯ ಕಾರ್ಯಕ್ರಮದ ವಾರವೇ ಪರೀಕ್ಷೆ ಇರುವುದರಿಂದ ನಾನು ಬರಲಾರೆ. ನಮ್ಮ ತುಳಸಿಯಕ್ಕನ ಮಗ ರಾಹುಲ್ ಇಲ್ಲಿಗೆ ಕಾಳುಮೆಣಸಿನ ಲಾರಿ ತಂದಿದ್ದಾನೆ, ಅವನ ಹತ್ತಿರ ಕಳಿಸುತ್ತಿದ್ದೇನೆ. ಪೆಟ್ಟಿಗೆಯನ್ನು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿ ಹಗ್ಗ ಕಟ್ಟಿಕೊಂಡಿದ್ದಾನೆ.

ಅರ್ಧ ಗಂಟೆಯಾದರೆ ಅರ್ಧ ಗಂಟೆ. ಊದಿ ಅಜ್ಜ.

ಹಂಸಿನಿ


ಸಂಪಾಜೆ
೩೦ ಜನವರಿ ೨೦೨೪

ಚಿರಂಜೀವಿ ಹಂಸಿನಿಗೆ,

ಆಶೀರ್ವಾದ. ಮೊನ್ನೆ ಭಾನುವಾರ ವಿರಾಜಪೇಟೆಯಲ್ಲಿ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಈ ಸಲ ಉಬ್ಬಿಸುವುದಿಲ್ಲ.

ವೇದಿಕೆಯ ನಡುವೆ ಗಾಯಕಿಯವರಿಗೆ ಜಮಖಾನ ಹಾಸಿತ್ತು. ನಮಗೆ ಬಲಗಡೆಯ ಮೂಲೆ. ನನ್ನ ಮೊಣಕಾಲು ನೋವಿನ ಕಥೆ ಯಾರೋ ಹೇಳಿರಬೇಕು, ಒಂದು ಕುರ್ಚಿ ತಂದಿಟ್ಟಿದ್ದರು, ಮೆತ್ತೆ ಇರುವಂಥದ್ದು. ನಾನು ಅದರ ಮೇಲೆ ವಾದ್ಯದ ಪೆಟ್ಟಿಗೆ ಇಟ್ಟೆ. ನಿಂತುಕೊಂಡೆ.

ಜನ ಬರುತ್ತಿದ್ದರು, ಮಾತಾಡುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು. ನಮ್ಮ ಜೀಪಿನವರು ಮೊದಲೇ ಹೋಗಿ ಮುಂದಿನ ಸಾಲು ಹಿಡಿದಿದ್ದರು. ಅದು ಗಣ್ಯರ ಸಾಲಂತೆ, ಏಳಿ ಅಂತ ಹೇಳಲು ಬಂದವನನ್ನು ಟೀಚರು ಒಂದು ಸಲ ನೋಡಿದರು, ಅವ ಹೋದ. ಆಮೇಲೆ ಹಿಂದೆ ಮಾತಾಡುವವರ ಕಡೆಗೂ ತಿರುಗಿ ನೋಡಿದರು.

ಭೈರವಿ ಶುರು ಮಾಡಿದೆ. ವಾದ್ಯ ನನ್ನ ಮಾತು ಕೇಳಿತು ಮಗಾ. ನನ್ನ ಬೆರಳಿಗೆ ಅದು ನನ್ನದೇ ಅಂತ ಗೊತ್ತಾಯಿತು. ಹೋಗುತ್ತಾ ಹೋಗುತ್ತಾ ಮಂದ್ರದ ನಿಷಾದಕ್ಕೆ ಇಳಿದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆ ಕಾರ್ಕು ನನಗೆ ಸರಿ ಬಂದಿರಲಿಲ್ಲ, ತೆಗೆಯಬೇಕು ಅಂತ ಉಗುರು ಹಾಕಿ ಬಿಟ್ಟಿದ್ದೆ. ಅವತ್ತು ವೇದಿಕೆಯ ಮೇಲೆ ಅದು ತಲೆ ಎತ್ತಿತು ನೋಡು, ನೀನು ಬರೆದ ಹಾಗೇ. ಅಲ್ಲಿ ಜನಾರ್ದನ ಇರಲಿಲ್ಲ. ಸೆಟ್ಟಿನ ಡೋಲಿನವ ನನ್ನ ಮುಖ ನೋಡಿದ. ನಾನು ಮತ್ತೊಮ್ಮೆ ಅಲ್ಲಿಗೇ ಇಳಿದೆ, ಬೇಕೆಂತಲೇ. ಆಮೇಲೆ ಮಾತೂ ನಿಂತಿತು, ಕುರ್ಚಿ ಎಳೆಯುವುದೂ ನಿಂತಿತು. ಊಟ ಇಲ್ಲ, ಮದುಮಗಳು ಇಲ್ಲ, ಜನ ಸುಮ್ಮನೆ ಕೂತು ನಮ್ಮನ್ನು ಕೇಳಿದರು. ನಾನು ನಮ್ಮನ್ನು ಅಂತಲೇ ಬರೆಯುವುದು.

ಅರ್ಧ ಗಂಟೆಗೆ ಸರಿಯಾಗಿ ನಿಲ್ಲಿಸಿದೆ. ಕೊಟ್ಟದ್ದಕ್ಕಿಂತ ಹೆಚ್ಚು ನಾನು ಕೇಳಿದವನಲ್ಲ. ಗಾಯಕಿ ತಲೆಗೆ ಹೂವು ಅರ್ಧ ಮುಡಿದುಕೊಂಡೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಇನ್ನೊಂದು ಊದಿ ಅಂದರು. ನನ್ನ ಹೊತ್ತು ಮುಗಿಯಿತಮ್ಮ ಅಂದೆ. ನನ್ನ ಹೊತ್ತಿನಲ್ಲಿ ಊದಿ ಅಂದರು. ಹಾಗಾದರೆ ಸರಿ ಅಂತ ಊದಿದೆ.

ಇಳಿಯುವಾಗ ಕಾರ್ಯದರ್ಶಿ ಬರುವ ವರ್ಷ ನಿಮ್ಮದೇ ಪೂರ್ತಿ ಕಚೇರಿ ಅಂದರು. ದಿನ ನೋಡಿ ಹೇಳುತ್ತೇನೆ ಅಂದೆ. ನನಗೆ ಎಂತ ದಿನ ನೋಡಲಿಕ್ಕುಂಟು? ಆದರೂ ಹಾಗೆ ಹೇಳಬೇಕು. ಈ ವಾದ್ಯ ಹೀಗೆ ಮಾತಾಡುವ ಹಾಗೆ ಮಾಡಿದ್ದು ಯಾರು ಅಂತ ಗಾಯಕಿ ಕೇಳಿದರು. ನನ್ನ ಮೊಮ್ಮಗಳು ಅಂದೆ. ಎಲ್ಲಿದ್ದಾಳೆ ಅಂತ ಕೇಳಿದರು. ಈಗ ನೀವು ಕೇಳಿದಿರಲ್ಲ ಅಂದೆ.

ಕಾರ್ಕು ತೆಗೆದಿಲ್ಲ. ವಾದ್ಯವನ್ನು ರಾಹುಲ್ ಹತ್ತಿರ ವಾಪಸು ಕಳಿಸುತ್ತಿದ್ದೇನೆ. ನಾನು ಇನ್ನು ಹೊಸದನ್ನು ಹದ ಮಾಡಿಕೊಳ್ಳುತ್ತೇನೆ, ಟ್ಯೂಬು ತಂದಾಗಿದೆ. ಹಳೆಯದು ನಿನ್ನದು. ಸ್ವಲ್ಪ ದಿನಕ್ಕೆ ಅಲ್ಲ, ನಿನ್ನದೇ.

ಅಜ್ಜ


ಚೆನ್ನೈ
೨ ಮಾರ್ಚ್ ೨೦೨೪

ಪ್ರೀತಿಯ ಅಜ್ಜನಿಗೆ,

ನಮಸ್ಕಾರ. ವಾದ್ಯ ತಲುಪಿತು. ಪೆಟ್ಟಿಗೆಗೆ ಮೆಣಸಿನ ವಾಸನೆ ಹಿಡಿದಿದೆ, ತೆಗೆದ ಕೂಡಲೆ ಮಾಮ ಸೀನಿದರು.

ಕಳೆದ ವಾರ ನಮ್ಮ ವಾದ್ಯಗಳ ಕ್ಲಾಸಿನ ಪರೀಕ್ಷೆ. ಒಬ್ಬೊಬ್ಬರೂ ಒಂದು ವಾದ್ಯದ ನಾದವನ್ನು ಪರಿಚಯ ಮಾಡಿಕೊಡಬೇಕು. ನಾನು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ಭೈರವಿ ಊದಿದೆ. ಯಾವ ವಾದ್ಯ ಅಂತ ಕೇಳಿದೆ. ಒಬ್ಬ ಓಬೋ ಅಂದ, ಒಬ್ಬಳು ಯಾರೋ ಹಾಡಿದ್ದು ಅಂದಳು. ಮೇಡಮ್ಮು ಕಣ್ಣು ತೆರೆದು, "ಸಂಪಾಜೆ ಜನಾರ್ದನ" ಅಂದರು. ಮೊದಲ ತಿಂಗಳು ಬರೆದುಕೊಂಡದ್ದು ಅವರಿಗೆ ನೆನಪಿತ್ತು.

ಏಪ್ರಿಲಿನಲ್ಲಿ ಶಾಲೆಯ ಆರ್ಕೆಸ್ಟ್ರಾದ ವರ್ಷದ ಕಾರ್ಯಕ್ರಮ. ಭೈರವಿ ಇಡೋಣ ಅಂದಿದ್ದಾರೆ. ತಂತಿಯವರೆಲ್ಲ ಶ್ರುತಿ ಹಿಡಿಯುತ್ತಾರೆ, ಹಾರ್ನಿನವರು ನಡುನಡುವೆ ಸೇರಿಕೊಳ್ಳುತ್ತಾರೆ. ಓಬೋದವಳು ಸ್ವರ ಕೊಡುತ್ತಾಳೆ, ಕಾವೇರಮ್ಮ ಟೀಚರಿಗೆ ತಿಳಿಸಿ. ನಿನ್ನೆ ಯಾರು ಎಲ್ಲಿ ಕೂರುವುದು ಅಂತ ನಕ್ಷೆ ಬರೆದು ಗೋಡೆಗೆ ಹಚ್ಚಿದರು. ನಾನು ಎಲ್ಲ ಸಾಲಿನಲ್ಲೂ ಹುಡುಕಿದೆ. ನನ್ನ ಹೆಸರಿಗೆ ಕುರ್ಚಿ ಇರಲಿಲ್ಲ.

ಕೂಡಲೆ ಹೋಗಿ ಕೇಳಿದೆ. ಮೇಡಮ್ಮು ನಕ್ಕರು. ನಕ್ಷೆಯ ಮುಂದುಗಡೆ, ಎಲ್ಲ ಕುರ್ಚಿಗಳಿಗಿಂತ ಮುಂದೆ, ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಇತ್ತು. ಇಡೀ ಆರ್ಕೆಸ್ಟ್ರಾದ ಎದುರು ಒಬ್ಬಳೇ ನುಡಿಸುವವಳಿಗೆ ಕುರ್ಚಿ ಹಾಕುವುದಿಲ್ಲ, ನಿಂತೇ ನುಡಿಸುವುದು ಇಲ್ಲಿಯ ಕ್ರಮ, ಅಷ್ಟು ಹೊತ್ತು ನಿಲ್ಲಲು ಆಗುತ್ತದಾ ಅಂತ ಕೇಳಿದರು.

ನಮ್ಮ ಮನೆಯಲ್ಲಿ ನಿಂತೇ ಅಭ್ಯಾಸ ಅಂತ ಹೇಳಿದ್ದೇನೆ ಅಜ್ಜ.

ಇದನ್ನು ಹೋಟೆಲಿನಲ್ಲಿ ಓದಿ. ಸ್ವಲ್ಪ ದೊಡ್ಡದಾಗಿಯೇ ಓದಿ.

ನಿಮ್ಮ,
ಹಂಸಿನಿ